ಕಿಟಕಿ ಸೀಟಿನ ದಸ್ತಿ

“ಏ ಸಂಪಿ, ನಿನ್ನ ಟ್ರೇನಿನ ವಿಜಯ್ ತೆಲುಗು ಹುಡುಗ ಅಲ್ಲs ಅಲ್ಲ! ಕನ್ನಡದಾವ!”

“ಏನಂದಿ?”

“ಕನ್ನಡದಾವ ಅಂದೆ. ಹುಮನಾಬಾದ ಕಡೆಯಾವ. ಅವ್ವ, ಅಪ್ಪ, ಅಕ್ಕ ಎಲ್ಲಾರೂ ಮನ್ಯಾಗ ಕನ್ನಡಾನ ಮಾತಾಡ್ತಾರ. ನನ್ನ ಕಿವೀಲೆ ಕೇಳ್ಕೊಂಡ ಬಂದೀನಿ!”

ಸಂಪದಾಳ ಅವಲಕ್ಕಿಯ ಚಮಚ ಬಾಯಿಯ ಹತ್ತಿರವೇ ನಿಂತುಬಿಟ್ಟಿತು.

ಎದುರಿಗೆ ಕೂತಿದ್ದವಳು ಅಮಿತಾ, ಚಿಕ್ಕಮ್ಮನ ಮಗಳು. ಉಟ್ಟ ರೇಷ್ಮೆ ಸೀರೆ ಬಿಚ್ಚಿಲ್ಲ, ಮುಡಿದ ಮಲ್ಲಿಗೆ ತೆಗೆದಿಲ್ಲ, ಬಾಲಾನಗರದಿಂದ ನೇರ ಬೇಗಂಪೇಟೆಗೆ, ಸಂಪದಾಳ ಮನೆಗೇ ಓಡಿ ಬಂದಿದ್ದಳು. ಅವಳ ಆಫೀಸಿನ ಗೆಳತಿ ಸಪ್ನಾಳಿಗೆ ಅಂದು ಕುಬಸದ ಕಾರ್ಯ. ಬಸುರಿಗೆ ಹಸಿರು ಸೀರೆ, ಬಳೆ, ಆರತಿ, ಆಮೇಲೆ ಎಲ್ಲರಿಗೂ ಊಟ.

“ಊಟಕ್ಕ ಕೂತೀನಿ. ಒಬ್ಬಾವ ಹೋಳಿಗಿ ಬುಟ್ಟಿ ಹಿಡ್ಕೊಂಡ ಬಂದ. ಉದ್ದಂದ್ರ ಉದ್ದ! ‘ಅಕ್ಕಾರ, ಇನ್ನೊಂದ ಹಾಕಸ್ಕೋರಿ, ನಾಚಬ್ಯಾಡ್ರಿ’ ಅಂದ. ತಲಿ ಎತ್ತಿ ನೋಡ್ತೀನಿ... ನಿನ್ನ ಕಾಲೇಜಿನ ಫೋಟೋದಾಗ ಹಿಂದ ನಿಂತಾನಲ್ಲ, ಅವನ! ಸಪ್ನಾನ ತಮ್ಮಂತ. ವಿಜಯಕುಮಾರ.”

“ಬ್ಯಾರೆ ಯಾರರೆ ಇರಬೇಕು ಬಿಡು...”

“ಕಾಲೇಜಿನ ಹೆಸರು ಕೇಳಿದೆ. ಅದs. ಯಾವ ಟ್ರೇನಿಗೆ ಹೋಗ್ತಿದ್ದಿ ಅಂದೆ. ಅದs!” ಅಮಿತಾ ದನಿ ಇಳಿಸಿದಳು. “ಸಂಪದಾ ಗೊತ್ತೇನು ಅಂತನೂ ಕೇಳಿದೆ. ಅಂವ ಬೇಕೇನು ಅಂತ ಕೇಳದs ನನ್ನ ಎಲಿಗೆ ಎರಡು ಹೋಳಿಗಿ ಹಾಕಿ ಹೋದ.”

ಸಂಪದಾ ಚಮಚ ಕೆಳಗಿಟ್ಟಳು.

“ಅಮೀ... ಹಂಗಾದ್ರ ಟ್ರೇನಿನ್ಯಾಗ ನಾ ಫೋನಿನ್ಯಾಗ ಮಾತಾಡಿದ್ದೆಲ್ಲಾ...”

“ಎಲ್ಲಾ ತಿಳದದ.”

“ಅವಗ ಒಂಟಿ ಅಂದಿದ್ದು?”

“ಅದೂ!”

“ಅಯ್ಯಯ್ಯೋ ದೇವರೇ!”

ಸಂಪದಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ಹೈದರಾಬಾದಿನಲ್ಲಿ ಹುಟ್ಟಿ ಬೆಳೆದ ಕನ್ನಡದ ಮಕ್ಕಳಿಗೆ ಒಂದು ಧೈರ್ಯ ಇರುತ್ತದೆ. ಮನೆಯ ಹೊಸ್ತಿಲು ದಾಟಿದರೆ ತೆಲುಗು, ಇಲ್ಲವೇ ಹಿಂದಿ. ಕನ್ನಡ ಏನಿದ್ದರೂ ಮನೆಯವರ ನಡುವಿನ ಗುಟ್ಟು! ಸೀರೆ ಅಂಗಡಿಯಲ್ಲಿ ಅಂಗಡಿಯವನ ಎದುರಿಗೇ ಅಮ್ಮ, “ಭಾಳ ಹೇಳ್ಲಿಕತ್ತಾನ, ನೀ ಎದ್ದು ನಡಿ, ತಾನs ಕರೀತಾನ” ಅನ್ನುತ್ತಾಳೆ. ಆಟೋದಲ್ಲಿ ಕೂತು ಆಟೋದವನನ್ನೇ ಬೈಯಬಹುದು. ಯಾರಿಗೆ ತಿಳಿಯುತ್ತದೆ?

ಸಂಪದಾ ಕೂಡ ಹಾಗೇ ಬೆಳೆದವಳು. ಲೋಕಲ್ ಟ್ರೇನಿನ ಗದ್ದಲದಲ್ಲಿ ಕನ್ನಡವೆಂದರೆ ಅವಳಿಗೆ ಬಾಗಿಲು ಹಾಕಿದ ಕೋಣೆಯಿದ್ದ ಹಾಗೆ. ಅದರೊಳಗೆ ಏನು ಬೇಕಾದರೂ ಮಾತಾಡಬಹುದು!

ಆದರೆ ಆ ಕೋಣೆಯಲ್ಲಿ ಮೊದಲ ದಿನದಿಂದಲೂ ಇನ್ನೊಬ್ಬ ಕೂತಿದ್ದ...

ಮೊದಲ ದಿನ!

ಇಂಜಿನಿಯರಿಂಗ್ ಸೇರಿದ ಹೊಸದು. ಬೇಗಂಪೇಟೆ ಸ್ಟೇಷನ್ನಿನ ಮೆಟ್ಟಿಲು ಹಾರಿಕೊಂಡು ಇಳಿದಿದ್ದಳು. ಹೆಗಲಿಗೆ ಹೊಸ ಬ್ಯಾಗು, ಕೈಯಲ್ಲಿ ಡ್ರಾಯಿಂಗ್ ಶೀಟು ಸುತ್ತಿಟ್ಟ ಉದ್ದನೆಯ ಡಬ್ಬಿ. ಮಹಿಳೆಯರ ಬೋಗಿ ಎಲ್ಲೋ ದೂರ. ಟ್ರೇನು ಹೊರಟೇಬಿಟ್ಟಿತು ಅನ್ನುವಾಗ ಎದುರಿಗೆ ಸಿಕ್ಕ ಬೋಗಿಗೇ ಹತ್ತಿದಳು. ಹತ್ತಿದಳು ಅನ್ನುವುದಕ್ಕಿಂತ ಹಿಂದಿನ ಜನ ಅವಳನ್ನು ಒಳಗೆ ತುಂಬಿದರು!

ಅಷ್ಟರಲ್ಲಿ ದೊಡ್ಡದೊಂದು ಬೂಟು ಅವಳ ಪಾದದ ಮೇಲೆ!

“ಅಮ್ಮಾ...!”

“ಸಾರಿ ಅಂಡಿ! ಸಾರಿ!”

ತಲೆ ಎತ್ತಿದಳು. ಎತ್ತುತ್ತಲೇ ಹೋದಳು. ಅಷ್ಟು ಎತ್ತರದಲ್ಲಿ, ತಿರುಗುವ ಫ್ಯಾನಿನಿಂದ ತಲೆ ತಪ್ಪಿಸಿಕೊಳ್ಳುತ್ತ, ಗಾಬರಿಯ ಎರಡು ಕಣ್ಣು.

ಅದೇ ಹೊತ್ತಿಗೆ ಅಮ್ಮನ ಫೋನು.

“ಹತ್ತಿದೆ ಅಮ್ಮಾ. ಸೀಟು ಎಲ್ಲೀದು? ಉಸಿರು ಆಡಿದ್ರ ಸಾಕಾಗ್ಯದ. ಒಂದು ಒಂಟಿ ಬ್ಯಾರೆ ನನ್ನ ಕಾಲು ತುಳದದ... ಹೌದಮ್ಮಾ, ಒಂಟೀನ! ಪ್ಯಾಂಟು ಹಾಕ್ಕೊಂಡದ, ನನ್ನ ಎದುರಿಗೇ ನಿಂತದ!”

ಒಂಟೆ ತಟ್ಟನೆ ಕಿಟಕಿಯ ಕಡೆ ಮುಖ ತಿರುಗಿಸಿತು. ಎರಡೂ ತುಟಿ ಬಿಗಿ ಹಿಡಿದಿದ್ದ. ಪಾಪ, ಹಲ್ಲುನೋವಿರಬೇಕು ಅಂದುಕೊಂಡಳು ಸಂಪದಾ!

ಕ್ಲಾಸಿಗೆ ಹೋಗಿ ನೋಡಿದರೆ ಕೊನೆಯ ಬೆಂಚಿನಲ್ಲಿ ಅದೇ ಒಂಟೆ. ಹೆಸರು ವಿಜಯ್ ಕುಮಾರ್. ಹೈದರಾಬಾದಿನಲ್ಲಿ ಯಾವ ಗಲ್ಲಿಯಲ್ಲಿ ಕೂಗಿದರೂ ಓಗೊಡುವ ಹೆಸರು. ತೆಲುಗು ನೀರು ಕುಡಿದ ಹಾಗೆ ಮಾತಾಡುತ್ತಿದ್ದ. ಅವನು ಕನ್ನಡದವನು ಅಂತ ಅನುಮಾನಪಡಲು ಅವಳಿಗೇನು ಕನಸು ಬಿದ್ದಿತ್ತೇ?

ಆ ಕಾಲೇಜೋ... ನೆನೆದರೆ ನಗುವೂ ಬರುತ್ತದೆ, ಅಳುವೂ ಬರುತ್ತದೆ.

ಲಿಂಗಂಪಲ್ಲಿಯಲ್ಲಿ ಟ್ರೇನು ಇಳಿದು, ಶೇರ್ ಆಟೋದಲ್ಲಿ ಡ್ರೈವರ್ ಪಕ್ಕ ಅರ್ಧ ಸೀಟಿನಲ್ಲಿ ನೇತಾಡಿ, ಊರಾಚೆಯ ಬಂಡೆಗಳ ನಡುವಿನ ಆ ಕಟ್ಟಡ ಮುಟ್ಟಬೇಕು. ಟ್ರೇನು ತಡವಾದರೆ ಗೇಟು ಮುಚ್ಚಿರುತ್ತಿತ್ತು. ಗೇಟು ಮುಚ್ಚಿದರೆ ಬೆಳಗಿನ ಹಾಜರಿ ಹೋಯಿತು. ಹಾಜರಿ ಕಮ್ಮಿಯಾದರೆ ಡಿಟೇನ್, ಅಂದರೆ ಪರೀಕ್ಷೆಗೆ ಕೂರುವಂತಿಲ್ಲ, ಇಡೀ ವರ್ಷ ಮತ್ತೊಮ್ಮೆ! ಐಡಿ ಕಾರ್ಡು ಮರೆತರೆ ಹೊರಗೆ. ಲ್ಯಾಬ್ ರೆಕಾರ್ಡಿಗೆ ಸಹಿ ಹಾಕಿಸಲು ಮೇಡಮ್ಮಿನ ಬಾಗಿಲಲ್ಲಿ ಗಂಟೆಗಟ್ಟಲೆ ನಿಲ್ಲಬೇಕು. ಸಂಜೆ ಅದೇ ಆಟೋ, ಅದೇ ಟ್ರೇನು. ಮನೆಗೆ ಬಂದು ಪುಸ್ತಕ ತೆರೆದರೆ ಅಕ್ಷರಗಳೂ ಟ್ರೇನಿನ ಹಾಗೆ ಅಲುಗಾಡುತ್ತಿದ್ದವು.

ಇಷ್ಟರ ನಡುವೆ ಒಂದು ಸುಖವಿತ್ತು.

ದಸ್ತಿ!

ವಿಜಯ್ ಸಿಕಂದರಾಬಾದಿನ ಒಂದು ರೂಮಿನಲ್ಲಿದ್ದ. ಟ್ರೇನು ಹೊರಡುವುದೇ ಅಲ್ಲಿಂದ. ಒಂದು ದಿನ ಅವಳು ನಿಂತುಕೊಂಡೇ ಅಮಿತಾಳಿಗೆ ಫೋನಿನಲ್ಲಿ, “ನಿಂತು ನಿಂತು ನನ್ನ ಕಾಲು ಕಾಲಾಗಿ ಉಳದಿಲ್ಲ, ನಾಳೆ ಕಾಲೇಜಿಗೆ ಚಕ್ಕರ್ ಹೊಡೀತೀನಿ” ಅಂದಿದ್ದಳು. ಮರುದಿನ ಬೇಗಂಪೇಟೆಯಲ್ಲಿ ಹತ್ತಿದರೆ, ಕಿಟಕಿ ಪಕ್ಕದ ಸೀಟಿನ ಮೇಲೆ ನೀಲಿ ಚೌಕಳಿಯ ಒಂದು ದಸ್ತಿ ಹಾಸಿತ್ತು, ಅವನ ಕರವಸ್ತ್ರ. ಪಕ್ಕದಲ್ಲಿ ವಿಜಯ್.

“ಕೂತುಕೋ” ಅಂದ ತೆಲುಗಿನಲ್ಲಿ.

ಅಂದಿನಿಂದ ಆ ದಸ್ತಿ ದಿನವೂ ಅವಳಿಗಾಗಿ ಕಾಯುತ್ತಿತ್ತು. ಸಂಜೆ ಲಿಂಗಂಪಲ್ಲಿಯಲ್ಲಂತೂ ಟ್ರೇನು ನಿಲ್ಲುವ ಮೊದಲೇ ಅವನು ಓಡುತ್ತ ಕಿಟಕಿಯೊಳಗೆ ದಸ್ತಿ ಎಸೆಯುತ್ತಿದ್ದ. ಅಷ್ಟುದ್ದದ ಕೈ ಮತ್ತೆ ಯಾತಕ್ಕೆ ಬರಬೇಕು!

ಜಗಳ ಬರುತ್ತಿರಲಿಲ್ಲವೇ? ದಿನವೂ!

“ದಸ್ತಿ ಡಾಲೇ ತೋ ಸೀಟ್ ತುಮಾರಾ ಹೋಗಯಾ ಕ್ಯಾ ಮಿಯಾಂ?” ಅಂತ, ದಸ್ತಿ ಹಾಕಿದರೆ ಸೀಟು ನಿನ್ನದಾಯಿತೇ ಎಂದು ಒಬ್ಬ ಚಾಚಾ ರೇಗಿದರೆ, ವಿಜಯ್ ಬಹಳ ವಿನಯದಿಂದ, ಬೇಗಂಪೇಟೆಯಲ್ಲಿ ಒಬ್ಬ ಪೇಶಂಟ್ ಹತ್ತುತ್ತಾರೆ ಚಾಚಾ, ಪಾಪ ನಿಲ್ಲಲಾಗುವುದಿಲ್ಲ ಅನ್ನುತ್ತಿದ್ದ. ಹಾಗಾಗಿ ಸಂಪದಾ ಪ್ರತಿದಿನ ಸೊಂಟ ಹಿಡಿದುಕೊಂಡು ಕುಂಟುತ್ತ ಹತ್ತಬೇಕಾಗಿತ್ತು. ಒಮ್ಮೆ ಆ ಚಾಚಾನೇ ಎದ್ದು, “ಬೈಠೋ ಬೇಟಾ, ಬೈಠೋ” ಅಂತ ಕೈ ಹಿಡಿದು ಕೂರಿಸಿ, ಮೊಣಕಾಲಿಗೆ ಯಾವುದೋ ಎಣ್ಣೆಯ ಹೆಸರನ್ನೂ ಹೇಳಿದ್ದ! ಅಂದು ಇಬ್ಬರೂ ನಗು ತಡೆಯಲಾಗದೆ ಸ್ಟೇಷನ್ ದಾಟುವವರೆಗೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಕಿಟಕಿ ಗಾಜಿನ ಮೇಲೆ ಕೂತ ಧೂಳಿನಲ್ಲಿ ಬೆರಳಿನಿಂದ ಬರೆದು ಅವನು ಗಣಿತ ಹೇಳಿಕೊಡುತ್ತಿದ್ದ. ಅವಳಿಗೆ ತಿಳಿಯುವ ಮೊದಲೇ ಹಫೀಜ್‌ಪೇಟ್ ಬರುತ್ತಿತ್ತು, ಗಾಳಿ ಅರ್ಧ ಲೆಕ್ಕ ಅಳಿಸುತ್ತಿತ್ತು.

ಅವಳು ತನ್ನ ಡಬ್ಬಿ ಹಂಚಿಕೊಳ್ಳುತ್ತಿದ್ದಳು. ಮೊದಲ ಸಲ ರೊಟ್ಟಿಯ ಜೊತೆ ಅಜ್ಜಿ ಕುಟ್ಟಿದ ಗುರೆಳ್ಳು ಚಟ್ನಿ ಕೊಟ್ಟಾಗ, ಅವನು ಒಂದು ತುತ್ತು ಬಾಯಿಗಿಟ್ಟ. ಕಣ್ಣಲ್ಲಿ ನೀರು.

“ಖಾರವಾಯಿತೇ?” ಅಂತ ತೆಲುಗಿನಲ್ಲಿ ಕೇಳಿದಳು.

ಹೌದು ಅಂತ ತಲೆಯಾಡಿಸಿ, ಇಡೀ ಡಬ್ಬಿ ಖಾಲಿ ಮಾಡಿದ!

ಎರಡನೆಯ ವರ್ಷ ಅವಳಿಗೆ ಕಾಮಾಲೆಯಾಯಿತು. ಎದ್ದು ಕಾಲೇಜಿಗೆ ಬರುವಷ್ಟರಲ್ಲಿ ಹಾಜರಿ ನೆಲ ಕಚ್ಚಿತ್ತು. ಆಫೀಸಿನವರು ನೇರವಾಗಿ ಹೇಳಿದರು, ಡಿಟೇನ್ ಅಂತ.

ಅಂದು ಸಂಜೆ ಟ್ರೇನಿನಲ್ಲಿ, ದುಪಟ್ಟಾ ಬಾಯಿಗೆ ಒತ್ತಿಕೊಂಡು ಅಜ್ಜಿಗೆ ಫೋನ್ ಮಾಡಿದಳು.

“ಅಜ್ಜೀ, ಅಪ್ಪಗ ಹೇಳಬ್ಯಾಡ... ನನ್ನ ವರ್ಷ ಹೋತು. ಆರಾಮ ಇಲ್ಲದ್ದು ಒಂದು, ಟ್ರೇನು ತಡಾ ಆಗಿದ್ದು ಒಂದು. ಎಲ್ಲಾ ಸೇರಿ ನನ್ನ ಮುಳಗಿಸ್ತು. ನಾ ಕಾಲೇಜು ಬಿಡ್ತೀನಿ ಅಜ್ಜೀ...”

ಪಕ್ಕದಲ್ಲಿ ವಿಜಯ್ ಕಣ್ಣು ಮುಚ್ಚಿ ಒರಗಿದ್ದ. ನಿದ್ದೆ ಹೋಗಿದ್ದಾನೆ ಅಂದುಕೊಂಡಿದ್ದಳು.

ಮರುದಿನ ಪ್ರಿನ್ಸಿಪಾಲರ ಕೋಣೆಯ ಮುಂದೆ ಜಾತ್ರೆ! ಟ್ರೇನಿನಲ್ಲಿ ಬರುವ ಅಷ್ಟೂ ಹುಡುಗ ಹುಡುಗಿಯರು. ಮುಂದೆ ವಿಜಯ್.

“ಟ್ರೇನು ತಡವಾದರೆ ಅದು ನಮ್ಮ ತಪ್ಪೇ ಸರ್? ನಾವು ಗೇಟಿನ ಹೊರಗೆ ನಿಂತಿದ್ದೆವು. ಮನೆಯಲ್ಲಿ ಮಲಗಿರಲಿಲ್ಲ!”

ವಾದ, ಕೂಗಾಟ, ಮಧ್ಯಾಹ್ನದವರೆಗೂ ನಡೆಯಿತು. ಕೊನೆಗೆ ಪ್ರಿನ್ಸಿಪಾಲರು ಸೋತರು. ತಡವಾದ ಬೆಳಗುಗಳ ಹಾಜರಿ ವಾಪಸ್ಸು ಬಂತು. ಸಂಪದಾಳ ವರ್ಷ ಉಳಿಯಿತು!

“ನನಗೆ ತೊಂದರೆಯಾಗಿದೆ ಅಂತ ನಿನಗೆ ಹೇಗೆ ಗೊತ್ತಾಯಿತು?” ಅಂತ ಅವಳು ಬೆರಗಿನಿಂದ ಕೇಳಿದಳು.

“ನಿನ್ನ ಮುಖ ನೋಡಿದರೆ ಗೊತ್ತಾಗುವುದಿಲ್ಲವೇ?” ಅಂದ ಅವನು, ಕಿಟಕಿಯ ಕಡೆ ನೋಡುತ್ತ.

ಅಂದೇ... ಅಂದೇ ಅವಳ ಮನಸ್ಸು ಜಾರಿತ್ತು. ಬರೀ ಮುಖ ನೋಡಿ ಇಷ್ಟೆಲ್ಲ ತಿಳಿದುಕೊಳ್ಳುವ ಹುಡುಗ ಲೋಕದಲ್ಲಿ ಎಷ್ಟು ಜನ ಇರುತ್ತಾರೆ?

ಆದರೆ ಒಂದು ಮುಳ್ಳಿತ್ತು. ಅವನ ಫೋನು! ಅದು ಬಂದರೆ ಸಾಕು, ಎಷ್ಟೇ ಗದ್ದಲವಿರಲಿ, ಎದ್ದು ಬಾಗಿಲ ಹತ್ತಿರ ಹೋಗುತ್ತಿದ್ದ. ಬೆನ್ನು ತಿರುಗಿಸಿ, ಬಾಯಿಗೆ ಕೈ ಅಡ್ಡ ಹಿಡಿದು, ಪಿಸುಪಿಸು. ತಿರುಗಿ ಬರುವಾಗ ಮುಖದಲ್ಲಿ ಒಂದು ಮೆತ್ತನೆಯ ನಗು.

‘ಯಾರೋ ಇದ್ದಾಳೆ’ ಅಂತ ನಿಶ್ಚಯ ಮಾಡಿಕೊಂಡಳು ಸಂಪದಾ. ಕೇಳುವ ಧೈರ್ಯ ಬರಲಿಲ್ಲ. ಕೇಳಿ, ಅವನು ಹೌದು ಅಂದುಬಿಟ್ಟರೆ?

ಹಾಗೇ ಕೊನೆಯ ವರ್ಷ ಬಂತು. ಆ ಸಂಜೆಯೂ ಬಂತು.

ಕಿಟಕಿ ಸೀಟು, ತೊಡೆಯ ಮೇಲೆ ದಸ್ತಿ, ಪಕ್ಕದಲ್ಲಿ ವಿಜಯ್. ಫೋನಿನಲ್ಲಿ ವಿಶಾಲಾಕ್ಷಿ ಅತ್ತೆ, ಅಪ್ಪನ ಅಕ್ಕ. ಅವರ ಕಣ್ಣಿಗೆ ಬಿದ್ದದ್ದು ಊರಿಗೆಲ್ಲ ಗೊತ್ತಾಗದೆ ಉಳಿದದ್ದಿಲ್ಲ.

“ಸಂಪೂ, ನಿನ್ನೆ ಸ್ಟೇಶನ್ನಿನ್ಯಾಗ ನಿನ್ನ ಜೋಡಿ ಇದ್ದಾವ ಯಾರು? ದತ್ತೂಗ ಹೇಳಲೇನು?”

ದತ್ತೂ ಅಂದರೆ ಅಪ್ಪ, ದತ್ತಾತ್ರೇಯ. ಅಪ್ಪನಿಗೆ ಹೇಳಿದರೆ ಮುಗಿಯಿತು! ಇನ್ನು ಆ ಟ್ರೇನು ಬೇಡ, ಬಸ್ಸಿನಲ್ಲಿ ಹೋಗು ಅನ್ನುತ್ತಾರೆ. ಟ್ರೇನಿಲ್ಲ, ದಸ್ತಿಯಿಲ್ಲ...

ಗಾಬರಿಯಲ್ಲಿ ನಾಲಿಗೆ ಓಡಿತು.

“ಅಯ್ಯ ಅತ್ತಿ, ಅವನ್ಯಾರ ಕೇಳ್ತಾರ! ಸೀಟು ಹಿಡೀಲಿಕ್ಕೆ ಅಂತ ಇಟ್ಕೊಂಡೀನಿ ಅವನ್ನ, ಅಷ್ಟs. ಪರೀಕ್ಷಾ ಮುಗದ್ರ ಅಂವ ಯಾರೋ, ನಾ ಯಾರೋ!”

ಪಕ್ಕದಲ್ಲಿ ವಿಜಯ್ ಎದ್ದ. ಬಾಗಿಲ ಹತ್ತಿರ ಹೋಗಿ ನಿಂತ. ಅವಳಿಗೋ ಅತ್ತೆಯ ಭಯ. ಅವನಿಗೆ ಫೋನು ಬಂದಿರಬೇಕು ಅಂದುಕೊಂಡಳು. ಬೇಗಂಪೇಟೆ ಬಂತು. ಅವಳು ಇಳಿದಳು. ಅವನು ತಿರುಗಿ ನೋಡಲಿಲ್ಲ. ದಸ್ತಿ ಅವಳ ಕೈಯಲ್ಲೇ ಉಳಿಯಿತು.

ಮರುದಿನ ಕಿಟಕಿ ಸೀಟಿನಲ್ಲಿ ಯಾರೋ ಕೂತಿದ್ದರು.

“ಬಸ್ಸಿನಲ್ಲಿ ಬರುತ್ತಿದ್ದೇನೆ” ಅಂದ ಕ್ಲಾಸಿನಲ್ಲಿ. “ಓದಿಕೊಳ್ಳಲು ಆಗುತ್ತದೆ.” ಅಷ್ಟೇ.

ಇವಳ ಜೊತೆ ಟ್ರೇನಿಗೆ ಹೋಗುವುದು ಬೇಡ ಅಂತ ಅವನ ಹುಡುಗಿ ಅಂದಿರಬೇಕು. ಸಂಪದಾ ಹಾಗೇ ತಿಳಿದುಕೊಂಡಳು. ಬೀಳ್ಕೊಡುಗೆಯ ದಿನ ಅವನು ಅವಳಿಗೆ ತೆಲುಗಿನಲ್ಲಿ ‘ಮೀರು’ ಅಂದ. ಇಷ್ಟು ವರ್ಷದ ‘ನೀನು’ ಒಂದೇ ಸಲಕ್ಕೆ ‘ನೀವು’ ಆಗಿತ್ತು. ಅದೊಂದು ಮಾತು ಹೊತ್ತುಕೊಂಡು ಅವಳು ಮನೆಗೆ ಬಂದಿದ್ದಳು.

ಆಮೇಲೆ ಅವಳಿಗೆ ಮಣಿಕೊಂಡದ ಹತ್ತಿರ ಆಫೀಸು. ಮೆಟ್ರೋ, ಕ್ಯಾಬು. ಲೋಕಲ್ ಟ್ರೇನಿಗೆ ಹತ್ತಿ ಎರಡು ವರ್ಷವಾಗಿತ್ತು. ಮನೆಯ ಕಿಟಕಿಯಿಂದ ಅದರ ಹಾರ್ನು ಕೇಳಿಸಿದಾಗ ಮಾತ್ರ ಕೈಯಲ್ಲಿದ್ದ ಕೆಲಸ ಒಂದು ಗಳಿಗೆ ನಿಲ್ಲುತ್ತಿತ್ತು...

“ಸಂಪಿ? ಏ ಸಂಪಿ! ಅಳ್ಳಿಕತ್ತೀ ಏನು?” ಅಮಿತಾ ಭುಜ ಅಲುಗಾಡಿಸಿದಳು.

“ಅಂವ ಕೇಳ್ಯಾನ ಅಮೀ... ಅತ್ತಿಗೆ ನಾ ಹೇಳಿದ್ದು ಪೂರಾ ಕೇಳ್ಯಾನ. ಅವನ ದಸ್ತಿ ಕೈಯಾಗ ಹಿಡ್ಕೊಂಡ ನಾ ಅಂಥಾ ಮಾತು ಅಂದೆನಲ್ಲ! ಎರಡು ವರ್ಷ ಅಂವ ಅದನ್ನs ಖರೇ ಅಂತ ತಿಳ್ಕೊಂಡಾನ...”

“ಮತ್ತ ಖರೇ ಅಲ್ಲ ಅಂತ ಯಾರು ಹೇಳಬೇಕು? ನಾನೇನು?”

ಅಡುಗೆಮನೆಯ ಬಾಗಿಲಿನಿಂದ ಇನ್ನೊಂದು ದನಿ ಬಂತು.

“ಫೋನ್ ಹಚ್ಚು.”

ಇಬ್ಬರೂ ಬೆಚ್ಚಿ ತಿರುಗಿದರು. ಗೋದಾಬಾಯಿ ಅಜ್ಜಿ!

“ಅಜ್ಜೀ... ನೀ ಯಾವಾಗ ಬಂದಿ?”

“ನಾ ಇಲ್ಲೇ ಅವರಿಕಾಯಿ ಸುಲೀಲಿಕತ್ತೀನಿ, ಆಗಿಂದ. ನನಗೂ ಕನ್ನಡ ತಿಳೀತದ್ರೆವಾ!” ಅಜ್ಜಿ ಸೆರಗಿನಿಂದ ಕೈ ಒರೆಸಿಕೊಂಡರು. “ನಿನ್ನ ವರ್ಷ ಉಳಸಿದಾವ ಅವನs ಅಲ್ಲೇನು? ವಿಶಾಲೀನ್ನ ನಾ ನೋಡ್ಕೋತೀನಿ, ಆಕಿ ನನ್ನ ಮಗಳು. ನೀ ಮೊದಲ ಫೋನ್ ಹಚ್ಚು.”

ಅಮಿತಾಳನ್ನು ಎಳೆದುಕೊಂಡು ಅಜ್ಜಿ ಒಳಗೆ ಹೋದರು. ಬಾಗಿಲು ಮಾತ್ರ ಪೂರ್ತಿ ಮುಚ್ಚಲಿಲ್ಲ!

ಸಂಪದಾ ಬಾಲ್ಕನಿಗೆ ಬಂದಳು. ಕೆಳಗೆ ಸಂಜೆಯ ಟ್ರಾಫಿಕ್ಕು. ಹೆಸರು ಇನ್ನೂ ಫೋನಿನಲ್ಲಿತ್ತು. ಒತ್ತಿದಳು.

ರಿಂಗಾಯಿತು... ಮತ್ತೆ ರಿಂಗಾಯಿತು...

“ಚೆಪ್ಪಂಡಿ.”

ಅದೇ ದನಿ. ಅದೇ ಬಿಗಿ ಮರ್ಯಾದೆಯ ತೆಲುಗಿನ ‘ಹೇಳಿ’. ಹಿಂದೆ ಪಾತ್ರೆಗಳ ಸದ್ದು, ಹೆಂಗಸರ ನಗು.

“ವಿಜಯ್... ನಾ ಕನ್ನಡದಾಗ ಮಾತಾಡ್ಲೇನು?”

ಪಾತ್ರೆಗಳ ಸದ್ದು ದೂರವಾಯಿತು. ಯಾವುದೋ ಬಾಗಿಲು ಮುಚ್ಚಿದ ಸಪ್ಪಳ.

“...ಮಾತಾಡ್ರಿ.”

ಒಂದೇ ಮಾತು. ಇಷ್ಟು ವರ್ಷ ಪಕ್ಕದಲ್ಲೇ ಕೂತಿದ್ದವನ ಬಾಯಿಂದ ಬಂದ ಮೊದಲ ಕನ್ನಡದ ಮಾತು!

“ಯಾವಾಗಿಂದ ತಿಳೀತಿತ್ತು?”

“ಒಂಟಿಯಿಂದ.”

“ಅಯ್ಯೋ...! ಮತ್ತ ಹೇಳಬಾರದೇನು?”

“ಮೊದಲನೇ ದಿನಾ ಹೇಳಿದ್ರ ನಿಮಗ ನಾಚಿಕಿ ಆಕ್ಕೈತಿ ಅಂತ ಸುಮ್ನಿದ್ದೆ. ಆಮ್ಯಾಲೆ ಹೇಳೂಣು ಅಂದ್ರ ಅಂಜಿಕಿ ಬಂತು. ನೀವು ಮಾತಾಡೂದs ಬಿಟ್ಟಿದ್ರ?” ಅವನೇ ಮುಂದುವರಿಸಿದ. “ನಮ್ಮ ರೂಮಿನ್ಯಾಗ ಯಾರಿಗೂ ಕನ್ನಡ ಬರ್ತಿದ್ದಿಲ್ರಿ. ದಿನಾ ಮುಂಜಾನೆ ನೀವು ‘ಅಮ್ಮಾ, ಡಬ್ಬಿ ಮರತೆ’ ಅಂತ ಕೂಗಾಡ್ತಿದ್ರಿ. ಅದನ್ನ ಕೇಳಿದ್ರ ಊರಿಗೆ ಹೋಗಿ ಬಂದಂಗ ಆಕ್ಕಿತ್ತು. ಆ ಒಂದು ತಾಸಿನ ಸಲುವಾಗಿ ಆ ಹಾಳ ಕಾಲೇಜೂ ತಡಕೊಂಡೆ.”

“ಗುರೆಳ್ಳು ಚಟ್ನಿ ತಿಂದು ಕಣ್ಣಾಗ ನೀರು ಬಂದಿತ್ತಲ್ಲ... ಖಾರಕ್ಕಲ್ಲಾ?”

“ನಮ್ಮವ್ವ ಮಾಡಿದ್ದು ಅದಕ್ಕಿಂತಾ ಖಾರ ಇರ್ತೈತ್ರಿ.”

ಸಂಪದಾ ನಕ್ಕಳು.

“ವಿಜಯ್, ಆವತ್ತು ಅತ್ತಿ ಫೋನ್ ಬಂದಾಗ...”

“ಅದು ಬ್ಯಾಡ್ರಿ. ಆಗಿ ಹೋತು.”

“ಆಗಿ ಹೋಗಿಲ್ಲ! ನೀ ಕೇಳಬೇಕು. ಅವತ್ತು ಕೇಳಬಾರದ್ದು ಕೇಳಿದಿ, ಇವತ್ತು ಕೇಳಬೇಕಾದ್ದು ಕೇಳು!” ಅವಳ ದನಿ ಏರಿತು. “ಅತ್ತಿ ನಮ್ಮಪ್ಪಗ ಹೇಳ್ತಿದ್ರು. ಹೇಳಿದ್ರ ನನ್ನ ಟ್ರೇನು ಬಂದ್ ಆಗ್ತಿತ್ತು. ಅದಕ್ಕs ಸುಳ್ಳು ಅಂದೆ. ನಿನಗ ತಿಳಿಯೂದಿಲ್ಲ ಅಂತನs ಅಂದೆ.”

“ಟ್ರೇನು ಬಂದ್ ಆದ್ರ ಏನಾಕ್ಕಿತ್ತು? ಬಸ್ ಇತ್ತಲ್ಲ.”

“ಬಸ್ಸಿನ್ಯಾಗ ನೀ ಎಲ್ಲಿದ್ದಿ?”

ಅವನ ಉತ್ತರಕ್ಕೆ ಅವಳು ಕಾಯಲಿಲ್ಲ.

“ನೀನೂ ನನಗ ಒಂದು ಹೇಳಬೇಕು” ಅಂದಳು ಸಂಪದಾ, ಕಣ್ಣು ಒರೆಸಿಕೊಳ್ಳುತ್ತ. “ಫೋನ್ ಬಂದ್ರ ಬಾಗಲಕ್ಕ ಓಡ್ತಿದ್ದೆಲ್ಲ. ಯಾರಾಕಿ?”

“ಯಾರಾಕಿ ಅಂದ್ರ? ನಮ್ಮವ್ವರಿ!”

“ಅವ್ವನ ಜೋಡಿ ಅಷ್ಟು ಮೆಲ್ಲಕ ಯಾರು ಮಾತಾಡ್ತಾರ?”

“ಕನ್ನಡದಾಗ ಮಾತಾಡಬೇಕಾಗಿತ್ತಲ್ರಿ! ನೀವು ಬಾಜೂಕs ಕುಂತಿರ್ತಿದ್ರಿ. ಜೋರಾಗಿ ‘ಯವ್ವಾ’ ಅಂದ್ರ ಸಿಕ್ಕಿ ಬೀಳ್ತಿದ್ದಿಲ್ಲೇನು?”

ಇಬ್ಬರೂ ಒಟ್ಟಿಗೇ ನಕ್ಕರು. ಎಷ್ಟು ನಕ್ಕರೆಂದರೆ ಒಳಗಿನಿಂದ ಅಮಿತಾ, “ಏನಾತು? ಏನಾತು?” ಅಂತ ಕೂಗಿದಳು. ಅಜ್ಜಿ “ಸುಮ್ನಿರು” ಅಂದದ್ದೂ ಕೇಳಿಸಿತು.

ಅವನು ಅವ್ವನ ಜೊತೆ ಕದ್ದು ಮಾತಾಡಿದ. ಇವಳು ಅದನ್ನು ಪ್ರೇಮ ಅಂದುಕೊಂಡಳು. ಇವಳು ಅತ್ತೆಗೆ ಸುಳ್ಳು ಹೇಳಿದಳು. ಅವನು ಅದನ್ನು ನಿಜ ಅಂದುಕೊಂಡ. ಎಷ್ಟು ಸಣ್ಣ ವಿಷಯ! ಅದಕ್ಕೆ ಎರಡು ವರ್ಷ ಹೋಗಿತ್ತು...

“ಬಾಗಲದಾಗ ನಿಂತು ಅವ್ವಗ ಏನು ಹೇಳ್ತಿದ್ದಿ? ಮಾರಿ ಮ್ಯಾಲೆ ನಗು ಹೊತ್ಕೊಂಡ ಬರ್ತಿದ್ದೆಲ್ಲ.”

“ಹೇಳಬೇಕೇನ್ರಿ?”

“ಹೇಳಲೇಬೇಕು.”

“ದಿನಾ ಒಂದs ಕೇಳ್ತಿದ್ಳು. ‘ಆ ಡಬ್ಬಿ ಹುಡುಗಿ ಇವತ್ತು ಏನಂದ್ಳು?’ ಅಂತ.” ಅವನ ದನಿ ಮೆತ್ತಗಾಯಿತು. “ಈಗೂ ಕೇಳ್ತಾಳ. ನಾ ಏನೂ ಹೇಳೂದಿಲ್ಲ.”

ಸಂಪದಾಳ ಕಣ್ಣು ಮತ್ತೆ ತುಂಬಿತು. ಮನಸ್ಸಿನಲ್ಲೇ ಅಂದುಕೊಂಡಳು, ‘ಈಗ ಹೇಳದಿದ್ದರೆ ಇನ್ನು ಯಾವಾಗ?’

“ವಿಜಯ್, ನಿನ್ನ ದಸ್ತಿ ನನ್ನ ಹಂತೇಕs ಅದ. ನನ್ನ ಕಪಾಟಿನ್ಯಾಗ, ರೇಷ್ಮಿ ಸೀರಿ ನಡುವ ಇಟ್ಟೀನಿ. ಸೀಟು ಹಿಡ್ಯಾವನ ದಸ್ತಿ ಯಾರರೆ ಹಂಗ ಇಡ್ತಾರೇನು?”

ಆ ಕಡೆ ಸ್ಟೂಲು ಎಳೆದುಕೊಂಡು ಕೂತ ಸದ್ದು.

“ಕೇಳಿಸ್ತೇನು?”

“ಕೇಳಿಸ್ತು.” ಅಂದ ಅವನು. “ನಿಮ್ಮ ಫೋನೆಲ್ಲಾ ಕದ್ದು ಕೇಳೀನಿ. ಇದೊಂದು ಮಾತು ಮಾತ್ರ ಕೇಳಬೇಕಂತ ಕುಂತಿದ್ದೆ. ಆವಾಗ ಬರ್ಲೇ ಇಲ್ಲ ನೋಡ್ರಿ...”

“ಮೊದಲ ಆ ‘ರಿ’ ಬಿಡು. ಬೀಳ್ಕೊಡುಗಿ ದಿನಾ ‘ಮೀರು’ ಅಂದು ಭಾಳ ಅಳಿಸೀದಿ ನನ್ನ.”

“ಬಿಟ್ಟೆ.” ಅವನು ನಕ್ಕ. “ಸಂಪದಾ.”

“ಹೂಂ?”

“ನಾಳೆ ಶನಿವಾರ. ಸೂಟಿ ಐತೇನು ನಿಂಗ?”

“ಅದ.”

“ಮುಂಜಾನೆ ಆ ಟ್ರೇನು ಈಗೂ ಬರ್ತೈತಿ. ಈಗೂ ತಡಾನ. ಲಿಂಗಂಪಲ್ಲಿ ತನಕಾ ಹೋಗಿ, ಹಂಗs ತಿರುಗಿ ಬರೂಣೇನು? ಬರೀ ಮಾತಾಡಕೋತ.” ತಡವರಿಸಿದ. “ಆದ್ರ ಒಂದು ತೊಂದ್ರಿ ಐತಿ. ಈಗ ನಾ ಅಕ್ಕನ ಹಂತೇಕ ಬಾಲಾನಗರದಾಗ ಇರ್ತೀನಿ. ಹತ್ತೂದು ಫತೇನಗರದಾಗ. ಬೇಗಂಪೇಟಿ ಆದ ಮ್ಯಾಲೆ. ಸೀಟು ಹಿಡ್ಯಾಕ ನಂಗ ಆಗಂಗಿಲ್ಲ.”

“ನಾ ಹಿಡೀತೀನಿ. ದಸ್ತಿ ನನ್ನ ಹಂತೇಕs ಅದಲ್ಲ!”

“ಮಂದಿ ಬಿಡಂಗಿಲ್ಲ. ಜಗಳಾ ತಗೀತಾರ.”

“ಫತೇನಗರದಾಗ ಒಬ್ಬ ಪೇಶಂಟ್ ಹತ್ತತಾನ, ಪಾಪ ನಿಂದ್ರಲಿಕ್ಕೆ ಆಗೂದಿಲ್ಲ ಅಂತ ಹೇಳ್ತೀನಿ. ನೀ ಕುಂಟಕೋತ ಬಾ.”

“ಇಷ್ಟುದ್ದ ಒಂಟಿ ಕುಂಟಿದ್ರ ಯಾರು ನಂಬತಾರ?”

“ಆ ಚಾಚಾ ಇದ್ರ ನಂಬತಾನ. ಎಣ್ಣಿ ಹೆಸರೂ ಹೇಳ್ತಾನ!”

ಕೆಳಗೆ ಎಲ್ಲೋ ಲೋಕಲ್ ಟ್ರೇನಿನ ಹಾರ್ನು ಕೇಳಿಸಿತು. ಸಂಪದಾ ಆ ಕಡೆ ಫೋನು ಹಿಡಿದಳು. ಅವನೂ ಕೇಳಲಿ ಅಂತ.

“ಸಂಪದಾ... ನಾಳೆ ಟ್ರೇನಿನ್ಯಾಗ ನಿಮ್ಮ ಅತ್ತಿ ಮತ್ತ ಫೋನ್ ಮಾಡಿ, ಬಾಜೂಕ ಯಾರು ಅಂತ ಕೇಳಿದ್ರ?”

“ಹೇಳ್ತೀನಿ. ಜೋರಾಗಿ. ಕನ್ನಡದಾಗನs.”

“ಏನಂತ?”

“ಅದನ್ನ ಕೇಳಬೇಕಂದ್ರ ನಾಳೆ ಬಾಗಲಕ್ಕ ಹೋಗಬ್ಯಾಡ. ನನ್ನ ಬಾಜೂಕs ಕೂತಿರು.”